ಮಂಗೋಲರು ಗೆದ್ದಿದ್ದು ಎಲ್ರಿಗೂ ಗೊತ್ತು, ಅಷ್ಟು ದೊಡ್ಡ ನೆಲಾನ ಆಳಿದ್ದು ಹೇಗೆ?

ಹುಲ್ಲುಗಾವಲು:
ನಮಸ್ಕಾರ ಎಲ್ರಿಗೂ. ಮಂಗೋಲರ ವಿಷಯ ಬಂದ್ರೆ ಮಾತು ಸಾಮಾನ್ಯವಾಗಿ ಯುದ್ಧದ ಹತ್ರಾನೇ ನಿಂತುಬಿಡುತ್ತೆ, ಎಷ್ಟು ಊರು ಸುಟ್ರು ಎಷ್ಟು ತಲೆ ಕಡಿದ್ರು ಅಂತ. ನಂಗೆ ಬಹಳ ದಿನದಿಂದ ಕಾಡ್ತಿರೋದು ಬೇರೆ. ಕುದುರೆ ಓಡ್ತಿರುವಾಗ್ಲೇ ಬಾಣ ಬಿಡೋದು, ಸೋತು ಓಡಿದ ಹಾಗೆ ಮಾಡಿ ತಿರುಗಿ ಬಿದ್ದು ಹೊಡೆಯೋದು, ಇದ್ಯಾವ್ದೂ ಚೆಂಗೀಸ್ ಖಾನ್ ಕಂಡುಹಿಡಿದಿದ್ದಲ್ಲ, ಆ ಬಯಲಲ್ಲಿ ಹೂಣರ ಕಾಲದಿಂದ್ಲೂ ಇತ್ತು, ತುರ್ಕರಿಗೂ ಗೊತ್ತಿತ್ತು. ಆದ್ರೂ ಕೊರಿಯಾದಿಂದ ಹಿಡಿದು ಯುರೋಪಿನ ಅಂಚಿನ ತನಕ ಒಂದೇ ಮನೆತನದ ಮಾತು ನಡೆಯೋ ಹಾಗೆ ಮಾಡಿದ್ದು ಇವರೊಬ್ಬರೇ, ಅದೂ ಮೂರು ತಲೆಮಾರಲ್ಲಿ.

ನನ್ನ ಲೆಕ್ಕದಲ್ಲಿ ಗುಟ್ಟು ಇರೋದು ಎರಡು ಕೆಲಸದಲ್ಲಿ. ಬುಡಕಟ್ಟುಗಳನ್ನ ಒಡೆದು ಕಲಸಿದ್ದು ಒಂದು, ಕೈಗೆ ಸಿಕ್ಕ ಜನಾನ ಎಣಿಸಿದ್ದು ಇನ್ನೊಂದು.

ತೆಮೂಜಿನ್ ಅನ್ನೋ ಹುಡುಗನ ಬಾಲ್ಯ ನೋಡಿ. ಒಂಬತ್ತು ವರ್ಷ ಇರುವಾಗ ಅಪ್ಪ ಯೆಸುಗೈಗೆ ತಾತಾರರು ವಿಷ ಹಾಕ್ತಾರೆ, ಅಪ್ಪ ಸತ್ತ ಮೇಲೆ ಸ್ವಂತ ಕುಲದವರೇ ಅವನ ತಾಯಿ ಹೊಯೆಲುನ್ ಮತ್ತೆ ಚಿಕ್ಕ ಮಕ್ಕಳನ್ನ ಬಯಲಲ್ಲೇ ಬಿಟ್ಟು ಹೊರಟುಹೋಗ್ತಾರೆ. ಮದುವೆ ಆದ್ಮೇಲೆ ಹೆಂಡತಿ ಬೋರ್ತೆನ ಮೆರ್ಕಿತರು ಹೊತ್ಕೊಂಡು ಹೋಗ್ತಾರೆ. ಮುಂದೆ ನಾಯಕ ಆದಮೇಲೂ ಚಿಕ್ಕಪ್ಪ, ದಾಯಾದಿಗಳೇ ಎದುರು ಪಕ್ಷಕ್ಕೆ ಸೇರ್ಕೊಂಡ್ರು. ರಕ್ತ ಸಂಬಂಧ ಅನ್ನೋದು ಕಷ್ಟಕ್ಕೆ ಆಗಲ್ಲ ಅಂತ ಇಷ್ಟು ಸಲ ಕಂಡವನು 1206ರಲ್ಲಿ ಒನೊನ್ ನದಿ ಹತ್ರ ಸಭೆ ಸೇರಿಸಿ ಚೆಂಗೀಸ್ ಖಾನ್ ಅಂತ ಅನ್ನಿಸಿಕೊಂಡಾಗ ಮೊದಲು ಮಾಡಿದ್ದು ಸೈನ್ಯಾನ ಹತ್ತು, ನೂರು, ಸಾವಿರದ ಲೆಕ್ಕದಲ್ಲಿ ಕಟ್ಟಿದ್ದು. ಹತ್ತರ ಲೆಕ್ಕ ಹಳೇದೇ. ಹೊಸದು ಏನಂದ್ರೆ ಸೋತ ಕೆರೆಯಿತರು, ನೈಮಾನರು, ಮೆರ್ಕಿತರು ಇವರನ್ನೆಲ್ಲಾ ಬೇರೆ ಬೇರೆ ತುಕಡಿಗೆ ಹಂಚಿಬಿಟ್ಟ. ನಿನ್ನೆ ತನಕ ಒಬ್ಬರನ್ನೊಬ್ಬರು ಕೊಲ್ತಿದ್ದೋರು ಒಂದೇ ಹತ್ತರ ಗುಂಪಲ್ಲಿ ಒಂದೇ ಒಲೆ ಮುಂದೆ ಕೂತ್ಕೋಬೇಕು, ತುಕಡಿ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಸಾವೇ ಶಿಕ್ಷೆ. ಆಗ ಸಾವಿರ ಜನರ ತುಕಡಿ 95 ಇತ್ತು ಅಂತ ಅವರದ್ದೇ ಹಳೇ ವೃತ್ತಾಂತ ಹೇಳುತ್ತೆ.

ಸರದಾರರು ಯಾರು ಅಂತ ನೋಡಿದ್ರೆ ಇನ್ನೂ ಆಶ್ಚರ್ಯ ಆಗುತ್ತೆ. ಬದಾಯ್, ಕಿಶಿಲಿಕ್ ಅಂತ ಇಬ್ಬರು ಕುದುರೆ ಕಾಯೋರು, 1203ರಲ್ಲಿ ಯಜಮಾನನ ಮನೇಲಿ ನಡೀತಿದ್ದ ಸಂಚು ಕೇಳಿಸಿಕೊಂಡು ರಾತ್ರೋರಾತ್ರಿ ಬಂದು ತೆಮೂಜಿನ್‌ಗೆ ಹೇಳಿದ್ರು, ಅವರೂ ದೊಡ್ಡೋರಾದ್ರು. ಯುದ್ಧದಲ್ಲಿ ತೆಮೂಜಿನ್ ಕಡೆ ಕುದುರೆಗೇ ಬಾಣ ಹೊಡೆದವನು ಸೆರೆ ಸಿಕ್ಕಾಗ "ಹೊಡೆದಿದ್ದು ನಾನೇ" ಅಂತ ಎದುರಿಗೇ ಒಪ್ಕೊಂಡ, ಅವನನ್ನ ಕೊಲ್ಲೋ ಬದಲು ಜೆಬೆ ಅಂತ ಹೆಸರಿಟ್ಟು ಪಕ್ಕದಲ್ಲೇ ಇಟ್ಕೊಂಡ. ಅದೇ ಜೆಬೆ ಮುಂದೆ ಸುಬುತೈ ಜೊತೆ ಕ್ಯಾಸ್ಪಿಯನ್ ಸಮುದ್ರ ಸುತ್ತಿ 1223ರಲ್ಲಿ ಕಲ್ಕಾ ನದಿ ಹತ್ರ ರಷ್ಯದ ರಾಜರನ್ನ ಸೋಲಿಸಿದ್ದು.

ಎಣಿಕೆ ವಿಷಯ ಆಮೇಲೆ ಬರೀತೀನಿ, ಮೊದಲು ನೀವೆಲ್ಲಾ ಹೇಳಿ.

ಘಟಪ್ರಭಾ:
ಭಾಳ ಚಲೋ ವಿಷಯ ತಗದೀರಿ ಸರ. ಒಂದು ಸೇರಸ್ತೀನ್ರಿ. ಎಲ್ಲಾ ಬುಡಕಟ್ಟು ಒಡದಿಲ್ಲ ಅವ, ಮೊದಲಿಂದ ನಂಬಿ ಬಂದವ್ರನ್ನ, ಹೆಂಡ್ತಿ ಬೋರ್ತೆ ತವರು ಮನಿ ಒಂಗಿರಾತ್ರನ್ನ ಅವ್ರ ಪಾಡಿಗೆ ಒಟ್ಟಿಗೇ ಬಿಟ್ಟಾನ. ಒಡದದ್ದು ಎದುರಾದವ್ರನ್ನ. ಇನ್ನೊಂದು ಅವನ ಕಾವಲು ದಳ, ಹತ್ತು ಸಾವಿರ ಮಂದಿ. ಅದರಾಗ ಪ್ರತಿ ಸರದಾರನ ಮಗ ಇರಾಕಬೇಕು. ಮಗ ಖಾನನ ಡೇರೆ ಮುಂದ ಕಾವಲು ನಿಂತಾನ ಅಂದ್ರ ಅಪ್ಪ ಅಲ್ಲಿ ಗಡಿಯಾಗ ತಂಟೆ ಮಾಡೂದಿಲ್ಲ, ಒತ್ತೆ ಇಟ್ಟಂಗೂ ಆತು, ಆ ಹುಡುಗರಿಗೆ ಆಡಳಿತ ಕಲಿಸಿದಂಗೂ ಆತು. ಮುಂದ ದೊಡ್ಡ ದೊಡ್ಡ ಅಧಿಕಾರಿಗಳು ಆ ದಳದಿಂದನ ಬಂದಾರ.

ಪುಟ್ಟ_ಪ್ರಶ್ನೆ:
ಸರ್ ನಂದೊಂದು ಡೌಟು. ಬಯಲಲ್ಲಿ ಕುದುರೆ ಸೈನ್ಯ ಗೆಲ್ಲುತ್ತೆ ಸರಿ, ಒಂದು ಲಕ್ಷ ಸವಾರರು ಇಟ್ಕೊಂಡು ಚೀನಾದ ಕೋಟೆಗಳನ್ನ ಹೇಗೆ ಹಿಡಿದ್ರು? ಕುದುರೆ ಗೋಡೆ ಹತ್ತಲ್ವಲ್ಲ.

ಘಟಪ್ರಭಾ:
ತಮ್ಮಾ ಚಲೋ ಕೇಳ್ದಿ. ಮೊದಲಿಗೆ ಬರ್ತಿದ್ದಿಲ್ಲ ಅವ್ರಿಗೆ. 1209ರಾಗ ತಂಗುತರ ಶಿ ಶ್ಯಾ ರಾಜ್ಯದ ಮ್ಯಾಲೆ ಹೋದಾಗ ರಾಜಧಾನಿ ಮುಳುಗಸೂಣು ಅಂತ ಹಳದಿ ನದಿ ನೀರು ತಿರುಗಿಸಿದ್ರು, ಒಡ್ಡು ಒಡದು ನೀರೆಲ್ಲಾ ಅವ್ರ ಪಾಳೆಕ್ಕ ನುಗ್ಗಿತು. ಅಲ್ಲಿಂದ ಕಲಿತ್ರು. ಉತ್ತರ ಚೀನಾದ ಜಿನ್ ರಾಜ್ಯದ ಮ್ಯಾಲೆ 1211ರಾಗ ಯುದ್ಧ ಚಾಲೂ ಮಾಡಿದ ಮ್ಯಾಲೆ ಸೆರೆ ಸಿಕ್ಕ ಚೀನಿ ಕುಶಲಕರ್ಮಿಗಳನ್ನ, ಪಕ್ಷಾಂತರ ಮಾಡಿ ಬಂದ ಸೇನಾಪತಿಗಳನ್ನ ಜೋಪಾನ ಮಾಡಿ ಇಟ್ಕೊಂಡ್ರು, 1215ರಾಗ ಈಗಿನ ಬೀಜಿಂಗ್ ಇರೂ ಜಾಗಾದ ಝೋಂಗ್ಡು ಬಿತ್ತು. ಹತ್ತು ವರ್ಷಕ್ಕ ಬುಖಾರಾ ಸಮರ್ಕಂದ್ ಮುಂದ ಕಲ್ಲೆಸೆಯೂ ಯಂತ್ರ ಹೂಡಿ ನಿಂತಿದ್ರು.

ಚೆಂಗೀಸನ ಮೊಮ್ಮಗ ಕುಬ್ಲೈ ಖಾನನ ಕಾಲಕ್ಕ ಇದು ಎಲ್ಲಿಗೆ ಮುಟ್ಟಿತು ಅಂದ್ರ, ದಕ್ಷಿಣ ಸೋಂಗ್ ರಾಜ್ಯದ ಶಿಯಾಂಗ್ಯಾಂಗ್ ಕೋಟಿ 1268ರಿಂದ 1273ರ ತನಕ ಬಿದ್ದಿರಲಿಲ್ಲ. ಕುಬ್ಲೈ ಇರಾನಿನಾಗ ಆಳತಿದ್ದ ತನ್ನ ತಮ್ಮನ ಮಗ ಅಬಾಕನ ಕಡೆಯಿಂದ ಇಸ್ಮಾಯಿಲ್, ಅಲಾಉದ್ದೀನ್ ಅಂತ ಇಬ್ಬರು ಯಂತ್ರದವ್ರನ್ನ ಕರಸ್ತಾನ. ಅವ್ರು ಭಾರ ಕಟ್ಟಿ ಎಸೆಯೂ ಪಶ್ಚಿಮದ ಯಂತ್ರ ಕಟ್ಟಿ ಎದುರು ದಂಡಿ ಮ್ಯಾಲಿನ ಫಾನ್‌ಚೆಂಗ್ ಗೋಡೆ ಒಡದ್ರು, ಆಮ್ಯಾಲೆ ಶಿಯಾಂಗ್ಯಾಂಗ್ ಶರಣಾತು. ಇರಾನಿನ ತಂತ್ರಜ್ಞರನ್ನ ಕರಸಿ ಚೀನಾದ ಕೋಟಿ ಕೆಡವಸೂದು ಆಗಿನ ಕಾಲಕ್ಕ ಬ್ಯಾರೆ ಯಾರ ಕೈಲೆ ಆಗ್ತಿತ್ತು ಹೇಳ್ರಿ.

ಸಂಜೆಮಲ್ಲಿಗೆ:
ನಾನು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡೋಳು. ಚರ್ಚೆ ಚೆನ್ನಾಗಿದೆ, ಆದ್ರೆ "ಎಂಥಾ ಸಂಘಟನೆ" ಅಂತ ಹೊಗಳ್ತಾ ಹೊಗಳ್ತಾ ಆ ಸಂಘಟನೆ ಏನು ಮಾಡ್ತು ಅನ್ನೋದನ್ನ ಹಿಂದಕ್ಕೆ ಸರಿಸ್ತಿದೀವಿ ಅನ್ನಿಸ್ತು.

1218ರಲ್ಲಿ ಒತ್ರಾರ್ ಊರಿನ ಅಧಿಕಾರಿ ಇನಾಲ್ಚುಕ್ ಮಂಗೋಲರು ಕಳಿಸಿದ್ದ ವ್ಯಾಪಾರಿಗಳ ತಂಡಾನ ಗೂಢಚಾರರು ಅಂತ ಹಿಡಿದು ಕೊಲ್ಲಿಸಿದ, ಸುಮಾರು 450 ಜನ. ವಿಚಾರಿಸೋಕೆ ಬಂದ ರಾಯಭಾರಿಯನ್ನ ಖ್ವಾರಜ್ಮ್ ಷಾ ಮುಹಮ್ಮದ್ ಕೊಲ್ಲಿಸಿದ. ಅದು ಮಹಾ ತಪ್ಪು, ಒಪ್ತೀನಿ. ಆದ್ರೆ ಅದಕ್ಕೆ ಬೆಲೆ ತೆತ್ತಿದ್ದು ಯಾರು? ಷಾ ಓಡಿಹೋಗಿ ಕ್ಯಾಸ್ಪಿಯನ್ ಸಮುದ್ರದ ಒಂದು ದ್ವೀಪದಲ್ಲಿ ಸತ್ತ. ಮರ್ವ್, ನಿಶಾಪುರ್, ಹೆರಾತ್ ಊರುಗಳ ನೇಕಾರರು, ರೈತರು, ಮಕ್ಕಳು ಅಲ್ಲೇ ಸತ್ರು. ಆ ಕಾಲದ ಇತಿಹಾಸಕಾರ ಜುವೈನಿ ಮರ್ವ್ ಒಂದರಲ್ಲೇ 13 ಲಕ್ಷ ಹೆಣ ಎಣಿಸಿದ್ರು ಅಂತ ಬರೀತಾನೆ, ಅಷ್ಟು ಜನ ಆ ಊರಲ್ಲಿ ಇರೋಕೆ ಸಾಧ್ಯ ಇರ್ಲಿಲ್ಲ ಅಂತ ಈಗಿನವರು ಹೇಳ್ತಾರೆ, ಇರಲಿ, ಹತ್ತನೇ ಒಂದು ಭಾಗ ಅಂದ್ರೂ ಎದೆ ಒಡೆಯಲ್ವಾ? ಬಾಗ್ದಾದ್ 1258ರ ಫೆಬ್ರವರಿಲಿ ಬಿದ್ದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ರು ಅಂತ ಕುಬ್ಲೈ ತಮ್ಮ ಹುಲಗು ಫ್ರಾನ್ಸ್ ರಾಜನಿಗೆ ಬರೆದ ಪತ್ರದಲ್ಲಿ ತಾನೇ ಹೆಮ್ಮೆಯಿಂದ ಹೇಳ್ಕೊಂಡಿದಾನೆ.

ಜನ ಸತ್ತಿದ್ದು ಒಂದು ಕಡೆ, ನೀರು ಹೋಗಿದ್ದು ಇನ್ನೊಂದು ಕಡೆ. ಖುರಾಸಾನ್ ಕಡೆ ಭೂಮಿ ಒಳಗೆ ಮೈಲಿಗಟ್ಟಲೆ ಸುರಂಗ ತೋಡಿ ಬೆಟ್ಟದ ನೀರು ಹೊಲಕ್ಕೆ ತರ್ತಿದ್ರು. ಅದನ್ನ ಹೂಳೆತ್ತಿ ಕಾಪಾಡೋಕೆ ಆ ಊರಿನ ಜನವೇ ಬೇಕು. ನಮ್ಮ ಕಡೆ ಕೆರೆ ನೋಡ್ಕೊಳ್ಳೋ ನೀರುಗಂಟಿ ಇಲ್ಲದ ಊರಲ್ಲಿ ಕೆರೆ ಏನಾಗುತ್ತೋ ಅಲ್ಲೂ ಅದೇ ಆಯ್ತು, ಜನ ಸತ್ತ ಮೇಲೆ ಸುರಂಗ ಮುಚ್ಚಿಹೋಯ್ತು, ಎಷ್ಟೋ ಹೊಲ ಮರಳಾಯ್ತು. ಮಕ್ಕಳಿಗೆ ಪಾಠ ಮಾಡುವಾಗ ನಾನು ಇದನ್ನ ಬಿಡಲ್ಲ.

ಹುಲ್ಲುಗಾವಲು:
ಮೇಡಂ, ನೀವು ಹೇಳಿದ್ದು ಇಲ್ಲಿ ಬರಲೇಬೇಕಿತ್ತು, ಒಳ್ಳೇದಾಯ್ತು. ನಾನು ಎಣಿಕೆ ಅಂದಿದ್ನಲ್ಲ, ಅದು ಆ ಕೊಲೆಯ ಒಳಗೇ ಇದೆ. ಸಮರ್ಕಂದ್ ಬಿದ್ದಾಗ ಜನಾನೆಲ್ಲಾ ಊರ ಹೊರಗೆ ತಂದು ನಿಲ್ಲಿಸಿ ಕುಶಲಕರ್ಮಿಗಳನ್ನ ಬೇರೆ ಮಾಡಿದ್ರು, 30,000 ಜನ ಅಂತ ಜುವೈನಿ ಹೇಳ್ತಾನೆ, ಅವರನ್ನ ಖಾನನ ಮಕ್ಕಳು ಬಂಧುಗಳು ಹಂಚ್ಕೊಂಡ್ರು. ಅಷ್ಟೇ ಸಂಖ್ಯೆಯ ಗಂಡಸರನ್ನ ಮುಂದಿನ ಕೋಟೆ ಮುಂದೆ ದೂಡೋಕೆ ಆರಿಸಿದ್ರು. ಯಾರು ಉಪಯೋಗಕ್ಕೆ ಬರ್ತಾರೆ ಯಾರು ಬರಲ್ಲ ಅಂತ ಬಾಗಿಲ ಮುಂದೆ ನಿಂತು ವಿಂಗಡಿಸೋ ಆಡಳಿತ ಇದು. ಅದನ್ನ ಒಳ್ಳೇದು ಅನ್ನೋಕೆ ನಂಗೂ ಬಾಯಿ ಬರಲ್ಲ.

ಅದರ ಇನ್ನೊಂದು ಮುಖ ಉತ್ತರ ಚೀನಾದಲ್ಲಿ ಕಾಣುತ್ತೆ. ಚೆಂಗೀಸನ ಮಗ ಒಗೆದೈ ಖಾನ್ ಪಟ್ಟಕ್ಕೆ ಬಂದಾಗ ಆಸ್ಥಾನದ ಕೆಲವರು "ಈ ಚೀನೀ ರೈತರಿಂದ ನಮಗೇನು ಲಾಭ, ಇವರನ್ನ ಖಾಲಿ ಮಾಡಿಸಿ ಹೊಲಗದ್ದೆ ಎಲ್ಲಾ ಹುಲ್ಲುಗಾವಲು ಮಾಡೋಣ" ಅಂತ ಸಲಹೆ ಕೊಟ್ರು. ತಡೆದವನು ಯೆಲು ಚುತ್ಸಾಯ್, ಖಿತಾನ್ ಮನೆತನದವನು, ಜಿನ್ ರಾಜ್ಯದ ಹಳೇ ಅಧಿಕಾರಿ. ಅವನು ಧರ್ಮ ಕರುಣೆ ಅಂತ ವಾದ ಮಾಡ್ಲಿಲ್ಲ, ಲೆಕ್ಕ ಇಟ್ಟ. ನನಗೆ ತೆರಿಗೆ ಕಚೇರಿ ಮಾಡೋಕೆ ಬಿಡಿ, ವರ್ಷಕ್ಕೆ 5 ಲಕ್ಷ ತೇಲ್ ಬೆಳ್ಳಿ, 80,000 ಥಾನು ರೇಷ್ಮೆ, 4 ಲಕ್ಷ ಮೂಟೆಗೂ ಮೇಲೆ ಧಾನ್ಯ ತಂದು ಕೊಡ್ತೀನಿ ಅಂದ. ಹತ್ತು ಕಚೇರಿ ಮಾಡಿದ, ಮುಂದಿನ ವರ್ಷ ಖಾನನ ಮುಂದೆ ಬೆಳ್ಳಿ ರೇಷ್ಮೆ ತಂದು ಗುಡ್ಡೆ ಹಾಕಿದ. ಲಕ್ಷಾಂತರ ರೈತರ ಪ್ರಾಣ ಉಳಿದಿದ್ದು ಒಂದು ಕಂದಾಯ ಪಟ್ಟಿಯಿಂದ. ಆಮೇಲೆ ಅಬ್ದುರ್ ರಹಮಾನ್ ಅನ್ನೋ ವ್ಯಾಪಾರಿ ದುಪ್ಪಟ್ಟು ಕೊಡ್ತೀನಿ ಅಂತ ತೆರಿಗೆ ಗುತ್ತಿಗೆ ಹಿಡಿದ, ಚುತ್ಸಾಯ್ ಎಷ್ಟು ಕೂಗಾಡಿದ್ರೂ ಒಗೆದೈ ಕೇಳ್ಲಿಲ್ಲ, ರೈತರ ಮೇಲೆ ಬಿದ್ದ ಭಾರ ಕೇಳಬೇಡಿ.

ನೇತ್ರಾವತಿ_ತೀರ:
ಆಳಿದ್ದು ಹೇಗೆ ಅಂತ ಕೇಳಿದ್ರೆ ಟಪಾಲು ವಿಷಯ ಹೇಳದೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಯಾಮ್ ಅಂತ ಹೇಳ್ತಿದ್ರು ಆ ವ್ಯವಸ್ಥೆಗೆ. ಒಂದು ದಿನದ ಪ್ರಯಾಣಕ್ಕೆ ಒಂದು ಠಾಣೆ, ಅಲ್ಲಿ ಕುದುರೆ, ಮೇವು, ಊಟ, ಮಲಗ್ಲಿಕ್ಕೆ ಜಾಗ ಎಲ್ಲಾ ತಯಾರು ಇರ್ಬೇಕು. ಖಾನನ ಕೆಲಸದ ಮೇಲೆ ಹೋಗುವವನ ಹತ್ರ ಒಂದು ಫಲಕ ಇರ್ತಿತ್ತು, ಮರದ್ದು, ಬೆಳ್ಳಿದು, ಚಿನ್ನದ್ದು, ಅವರವರ ದರ್ಜೆ ಪ್ರಕಾರ. ಅದನ್ನು ತೋರಿಸಿದ್ರೆ ಠಾಣೆಯವ ಹೊಸ ಕುದುರೆ ಕೊಡ್ಲೇಬೇಕು. ಕುಬ್ಲೈ ಕಾಲದ ಚೀನಾದಲ್ಲಿ ಓಡಿಕೊಂಡು ಹೋಗುವ ಟಪಾಲಿನವರೂ ಇದ್ರು, ಮೂರು ಮೂರು ಮೈಲಿಗೆ ಒಬ್ಬ. ಅವರ ಸೊಂಟದ ಪಟ್ಟಿಗೆ ಗೆಜ್ಜೆ ಕಟ್ಟಿರ್ತಿತ್ತು ಅಂತ ಮಾರ್ಕೊ ಪೋಲೊ ಬರೆದಿದ್ದಾನೆ, ದೂರದಿಂದಲೇ ಸದ್ದು ಕೇಳಿದ ಕೂಡ್ಲೇ ಮುಂದಿನವ ಎದ್ದು ತಯಾರಾಗಿ ನಿಲ್ತಿದ್ದ, ಕಾಗದ ಕೈಯಿಂದ ಕೈಗೆ ಬದಲಾಗ್ಲಿಕ್ಕೆ ಒಂದು ಕ್ಷಣ ಸಹ ಹಾಳಾಗ್ಬಾರ್ದು ಅಂತ. ಕುದುರೆ ಮೇಲೆ ದೂರ ಹೋಗುವವರು ಹೊಟ್ಟೆ, ಎದೆ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಳ್ತಿದ್ರಂತೆ, ಇಲ್ಲದಿದ್ರೆ ಆ ಓಟದ ಕುಲುಕಾಟ ತಡ್ಕೊಳ್ಲಿಕ್ಕೆ ಆಗುದಿಲ್ಲ.

ಒಗೆದೈ ತನ್ನ ಬಗ್ಗೆ ತಾನೇ ಹೇಳಿದ ಮಾತು ಅವರ ಹಳೇ ವೃತ್ತಾಂತದಲ್ಲಿ ಉಂಟು. ಅಪ್ಪನ ನಂತರ ನಾನು ನಾಲ್ಕು ಒಳ್ಳೆ ಕೆಲಸ ಮಾಡಿದೆ, ಜಿನ್ ರಾಜ್ಯ ಮುಗಿಸಿದೆ, ಟಪಾಲು ಠಾಣೆ ಇಟ್ಟೆ, ನೀರಿಲ್ಲದ ಕಡೆ ಬಾವಿ ತೋಡಿಸಿದೆ, ಗೆದ್ದ ಊರುಗಳಿಗೆ ಕಾವಲು ಸೈನ್ಯ ಹಾಕಿದೆ ಅಂತ. ಆಮೇಲೆ ನಾಲ್ಕು ತಪ್ಪನ್ನೂ ಹೇಳ್ತಾನೆ, ಅದರಲ್ಲಿ ಮೊದಲನೇದು ಕುಡಿತ. ಒಬ್ಬ ಸಾಮ್ರಾಟನ ಲೆಕ್ಕದಲ್ಲಿ ಯುದ್ಧದ ಪಕ್ಕದಲ್ಲೇ ಟಪಾಲು, ಬಾವಿ ಬರುದು ನನಗೆ ತುಂಬಾ ಇಷ್ಟ.

ಆದ್ರೆ ಈ ಠಾಣೆ ನಡೆಸುವ ಖರ್ಚು ಯಾರದ್ದು? ಅಕ್ಕಪಕ್ಕದ ಮನೆಗಳದ್ದೇ. ಕುದುರೆ ಅವರೇ ಕೊಡ್ಬೇಕು, ಆಹಾರ ಅವರೇ ಕೊಡ್ಬೇಕು. ರಾಜಕುಮಾರರು ಸಿಕ್ಕಸಿಕ್ಕ ವ್ಯಾಪಾರಿಗಳಿಗೆಲ್ಲ ಫಲಕ ಕೊಟ್ಟು ಕಳಿಸ್ತಿದ್ರು, ಜನ ರೋಸಿ ಹೋಗಿದ್ರು, ಕೊನೆಗೆ ಮೋಂಗ್ಕೆ ಖಾನ್ ಬಂದು ಹಳೆ ಫಲಕಗಳನ್ನೆಲ್ಲ ವಾಪಸ್ ತೆಗೆದುಕೊಂಡು ವ್ಯಾಪಾರಿಗಳು ಠಾಣೆ ಕುದುರೆ ಮುಟ್ಟಬಾರ್ದು ಅಂತ ಆಜ್ಞೆ ಮಾಡಿದ.

ಸಂಜೆಮಲ್ಲಿಗೆ:
@ನೇತ್ರಾವತಿ_ತೀರ ಆ ಗೆಜ್ಜೆ ವಿಷಯ ನಮ್ಮ ಮಕ್ಕಳಿಗೆ ಹೇಳಬೇಕು, ಥ್ಯಾಂಕ್ಸ್. ಮೋಂಗ್ಕೆ ಹೆಸರು ಬಂತಲ್ಲ, ಅವನನ್ನ ಪಟ್ಟಕ್ಕೆ ತಂದ ತಾಯಿ ಬಗ್ಗೆ ಯಾರೂ ಹೇಳ್ಲೇ ಇಲ್ಲ ನೋಡಿ.

ಸೊರ್ಘಗ್ತಾನಿ ಬೇಕಿ. ಸೋತ ಕೆರೆಯಿತ ಮನೆತನದ ಹುಡುಗಿ, ಕ್ರೈಸ್ತಳು, ಚೆಂಗೀಸನ ಕಿರಿ ಮಗ ತೊಲುಯಿಗೆ ಮದುವೆ ಮಾಡಿದ್ರು. ಗಂಡ ಬೇಗ ಸತ್ತ. ಒಗೆದೈ ತನ್ನ ಮಗ ಗುಯುಕನ್ನ ಮದುವೆ ಆಗು ಅಂತ ಹೇಳಿ ಕಳಿಸಿದಾಗ, ಮಕ್ಕಳನ್ನ ದೊಡ್ಡೋರು ಮಾಡಬೇಕು ಅಂತ ನಯವಾಗಿ ಬೇಡ ಅಂದ್ಲು. ಆ ಕಡೆ ಒಗೆದೈ ಸತ್ತ ಮೇಲೆ ಅವನ ಹೆಂಡತಿ ತೊರೆಗೆನೆ 1241ರಿಂದ 1246ರ ತನಕ ಇಡೀ ಸಾಮ್ರಾಜ್ಯ ಆಳಿದ್ಲು, ಹಳೇ ಮಂತ್ರಿಗಳನ್ನ ಬದಲಾಯಿಸಿದ್ಲು, ತನ್ನ ಮಗ ಗುಯುಕನ್ನೇ ಖಾನ್ ಮಾಡಿಸಿದ್ಲು. ಗುಯುಕ್ ಎರಡೇ ವರ್ಷಕ್ಕೆ ಸತ್ತ. ಆಗ ಸೊರ್ಘಗ್ತಾನಿ ವೋಲ್ಗಾ ಕಡೆ ಇದ್ದ ಚೆಂಗೀಸನ ಇನ್ನೊಬ್ಬ ಮೊಮ್ಮಗ ಬಾತು ಖಾನನ ಸ್ನೇಹ ಗಟ್ಟಿ ಮಾಡ್ಕೊಂಡು 1251ರಲ್ಲಿ ದೊಡ್ಡ ಮಗ ಮೋಂಗ್ಕೆನ ಕೂರಿಸಿದ್ಲು. ಮೋಂಗ್ಕೆ, ಕುಬ್ಲೈ, ಹುಲಗು, ಅರಿಕ್ ಬೋಕೆ ನಾಲ್ಕೂ ಜನ ಇವಳ ಮಕ್ಕಳೇ. ಚೀನಾದಲ್ಲಿ ಅವಳಿಗೆ ಬಂದ ಜಮೀನಲ್ಲಿ ರೈತರನ್ನ ಓಡಿಸದೆ ಉಳುಮೆ ಮಾಡಿಸಿ ತೆರಿಗೆ ತಗೊಂಡ್ಲು, ಕುಬ್ಲೈ ಆಡಳಿತ ಕಲಿತಿದ್ದರಲ್ಲಿ ತಾಯಿ ಪಾಲು ದೊಡ್ಡದು.

ಆ ಗೆಲುವಿಗೂ ರಕ್ತ ಅಂಟಿದೆ. ಗುಯುಕನ ವಿಧವೆ ಒಘುಲ್ ಕೈಮಿಶ್‌ನ ಮಾಟ ಮಾಡಿಸಿದ್ಲು ಅಂತ ಆರೋಪ ಹೊರಿಸಿ ಕಂಬಳಿ ಸುತ್ತಿ ನದಿಗೆ ಹಾಕಿಸಿದ್ರು, ಒಗೆದೈ ವಂಶದ ಎಷ್ಟೋ ಜನಾನ ಕೊಂದ್ರು.

ಪುಟ್ಟ_ಪ್ರಶ್ನೆ:
ಮೇಡಂ ಕ್ರೈಸ್ತಳು ಅಂದ್ರಲ್ಲ, ಹಾಗಾದ್ರೆ ಮಂಗೋಲರ ಧರ್ಮ ಯಾವ್ದು? ಎಲ್ಲಾ ಧರ್ಮಾನೂ ಸಮಾನವಾಗಿ ನೋಡ್ತಿದ್ರು ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು, ನಿಜಾನಾ?

ನೇತ್ರಾವತಿ_ತೀರ:
ಅವರ ಮೂಲ ನಂಬಿಕೆ ಆಕಾಶದ ದೇವರು ತೆಂಗ್ರಿ ಮತ್ತೆ ಹಿರಿಯರ ಆತ್ಮಗಳ ಮೇಲೆ. ಬೇರೆಯವರ ಪಾದ್ರಿ, ಮುಲ್ಲಾ, ಬೌದ್ಧ ಸನ್ಯಾಸಿ, ದಾವೋ ಪಂಥದವರು ಎಲ್ಲರಿಗೂ ತೆರಿಗೆ ಮಾಫಿ, ಬದಲಿಗೆ ಖಾನನ ಆಯುಷ್ಯಕ್ಕೆ ಪ್ರಾರ್ಥನೆ ಮಾಡ್ಬೇಕು. ಯಾವ ದೇವರು ನಿಜವೋ ಯಾರಿಗೆ ಗೊತ್ತು, ಎಲ್ಲರ ಆಶೀರ್ವಾದವೂ ನಮಗೆ ಇರ್ಲಿ ಅಂತ ಲೆಕ್ಕಾಚಾರ. ಸಮಾನತೆ ಅಂತ ಹೇಳುದು ಸ್ವಲ್ಪ ಹೆಚ್ಚಾಯ್ತು. ಕುಬ್ಲೈ ಖಾನ್ 1280ರ ಹೊತ್ತಿಗೆ ಮುಸ್ಲಿಮರ ಪದ್ಧತಿ ಪ್ರಕಾರ ಪ್ರಾಣಿ ಕೊಯ್ಯುದನ್ನೇ ನಿಷೇಧ ಮಾಡಿದ್ದ, ಅದು ಕೆಲವು ವರ್ಷ ಜಾರಿಯಲ್ಲಿತ್ತು. ಅವರ ಪದ್ಧತಿಗೆ ಅಡ್ಡ ಬಂದ್ರೆ ಬಿಡ್ತಿರಲಿಲ್ಲ.

1254ರಲ್ಲಿ ವಿಲಿಯಂ ರುಬ್ರುಕ್ ಅನ್ನುವ ಪಾದ್ರಿ ಕರಾಕೊರಮ್‌ಗೆ ಹೋಗಿದ್ದ. ಅಲ್ಲಿ ಒಂದೇ ಊರಲ್ಲಿ ಬೇರೆ ಬೇರೆ ದೇವಸ್ಥಾನ, ಎರಡು ಮಸೀದಿ, ಒಂದು ಚರ್ಚ್ ಇತ್ತು. ಅರಮನೆಯಲ್ಲಿ ಬೆಳ್ಳಿಯ ಒಂದು ಮರ ನೋಡಿದ ಅವ. ಅದರ ನಾಲ್ಕು ಕೊಳವೆಯಲ್ಲಿ ನಾಲ್ಕು ಬಗೆಯ ಪಾನೀಯ, ದ್ರಾಕ್ಷಿ ಮದ್ಯ, ಕುದುರೆ ಹಾಲಿನ ಹುಳಿ ಪಾನೀಯ, ಜೇನಿನದ್ದು, ಅಕ್ಕಿಯದ್ದು. ಮೇಲೆ ತುತ್ತೂರಿ ಹಿಡಿದ ದೇವದೂತ, ಕೆಳಗೆ ಗುಂಡಿಯಲ್ಲಿ ಕೂತ ಒಬ್ಬ ಮನುಷ್ಯ ಊದಿದ್ರೆ ಮೇಲೆ ತುತ್ತೂರಿ ಸದ್ದು ಬರುದು. ಮಾಡಿದವ ಪ್ಯಾರಿಸ್‌ನ ಅಕ್ಕಸಾಲಿ, ಹಂಗೇರಿ ಯುದ್ಧದಲ್ಲಿ ಸೆರೆ ಸಿಕ್ಕಿದ್ದವ. ಅದೇ ಊರಲ್ಲಿ ಫ್ರಾನ್ಸ್ ಕಡೆಯ ಮೆಟ್ಸ್ ಊರಿನ ಪಾಕೆತ್ ಅನ್ನುವ ಹೆಂಗಸೂ ಸಿಕ್ಕಿದ್ಲು, ಅವಳೂ ಹಂಗೇರಿಯಲ್ಲಿ ಸೆರೆಯಾದವಳೇ, ಬಡಗಿ ಕೆಲಸ ಬರುವ ರಷ್ಯದ ಹುಡುಗನನ್ನು ಮದುವೆಯಾಗಿ ಮೂರು ಮಕ್ಕಳ ತಾಯಿಯಾಗಿದ್ಲು. ಹುಲ್ಲುಗಾವಲು ಸರ್ ಹೇಳಿದ ಎಣಿಕೆ, ವಿಂಗಡಣೆ ಅಂದ್ರೆ ಕೊನೆಗೆ ಈ ಇಬ್ಬರ ಹಾಗಿನ ಮನುಷ್ಯರು.

ಘಟಪ್ರಭಾ:
ಎಣಿಕಿ ಮಾತಿಗೆ ನಂದೂ ಒಂದು ಐತ್ರಿ. ರಷ್ಯದ ನೊವ್ಗೊರೊಡ್ ಊರನ್ನ ಮಂಗೋಲರ ಸೈನ್ಯ ಎಂದೂ ಹಿಡಿದಿಲ್ಲ, 1238ರಾಗ ಹತ್ತರ ತನಕ ಬಂದು ಹಿಮ ಕರಗಿ ರಾಡಿ ಆಗೂ ಹೊತ್ತಿಗೆ ತಿರುಗಿ ಹ್ವಾದ್ರು. ಆದ್ರ 1257ರಾಗ ಮನಿ ಎಣಿಸಾಕ ಅಧಿಕಾರಿಗಳು ಬಂದ್ರು. ಜನ ದಂಗೆ ಎದ್ರು. ಒತ್ತಾಯ ಮಾಡಿದವ ಯಾರಂದ್ರ ಅವ್ರ ರಾಜ ಅಲೆಕ್ಸಾಂಡರ್ ನೆವ್ಸ್ಕಿನ, ಎದುರು ನಿಂತ ಸ್ವಂತ ಮಗನ್ನ ಊರಿಂದ ಹೊರಗ ಹಾಕಿದ, ತಂಟೆ ಮಾಡಿದವ್ರಿಗೆ ಘೋರ ಶಿಕ್ಷೆ ಕೊಟ್ಟ, 1259ಕ್ಕ ಎಣಿಕಿ ಮುಗೀತು. ಕತ್ತಿ ಮುಟ್ಟದ ಊರನ್ನ ಪಟ್ಟಿ ಬರದು ಹಿಡಿದಂಗಾತು. ಅದ ಹೊತ್ತಿಗೆ ಇರಾನಿನಾಗ, ಚೀನಾದಾಗನೂ ಮೋಂಗ್ಕೆ ಜನಗಣತಿ ಮಾಡಸ್ತಿದ್ದ.

ಇಷ್ಟೆಲ್ಲಾ ಇದ್ರೂ ಮುರದದ್ದು ಯಾಕ? ಬುಡಕಟ್ಟು ಒಡದವ ಮನೆತನ ಒಡೀಲಿಲ್ಲ. ಸಾಮ್ರಾಜ್ಯ ಅನ್ನೂದು ಖಾನ್ ಒಬ್ಬನದಲ್ಲ, ಇಡೀ ಮನೆತನದ ಆಸ್ತಿ, ಎಲ್ಲಾರಿಗೂ ಪಾಲು, ಖಾನ್ ಸತ್ತಾಗೊಮ್ಮೆ ಎಲ್ಲಾರೂ ಕೂಡಿ ಆರಸಬೇಕು. 1241ರ ಏಪ್ರಿಲ್‌ದಾಗ ಎರಡು ದಿನದ ಅಂತರದಾಗ ಪೋಲೆಂಡಿನ ಲೆಗ್ನಿಕಾ, ಹಂಗೇರಿಯ ಮೋಹಿ ಎರಡೂ ಗೆದ್ರು, ಡಿಸೆಂಬರ್‌ಕ್ಕ ಒಗೆದೈ ಸತ್ತ, ಮುಂದಿನ ವರ್ಷ ಸೈನ್ಯ ವಾಪಸ್. ಅದ ಒಂದ ಕಾರಣ ಅಲ್ಲ, ಹಂಗೇರಿಯಾಗ ಅಷ್ಟು ಕುದುರಿಗೆ ಹುಲ್ಲು ಸಾಲೂದಿಲ್ಲ ಅಂತನೂ ಹೇಳ್ತಾರ, ಕಲ್ಲಿನ ಕೋಟಿ ಗಟ್ಟಿ ಇದ್ವು ಅಂತನೂ ಹೇಳ್ತಾರ. ಮೋಂಗ್ಕೆ 1259ರಾಗ ಸಿಚುವಾನಿನ ದ್ಯಾವ್ಯು ಕೋಟಿ ಮುಂದ ಸತ್ತಾಗ ಮಾತ್ರ ಹರದು ಹೋತು. ಕುಬ್ಲೈ, ತಮ್ಮ ಅರಿಕ್ ಬೋಕೆ ನಾಲ್ಕು ವರ್ಷ ಬಡದಾಡಿದ್ರು. ಹುಲಗು ದೊಡ್ಡ ಸೈನ್ಯ ತಗೊಂಡು ಹಿಂದಕ್ಕ ಸರದ, ಉಳಿದ ಸಣ್ಣ ಸೈನ್ಯನ 1260ರ ಸೆಪ್ಟೆಂಬರ್ 3ಕ್ಕ ಐನ್ ಜಾಲೂತ್‌ನಾಗ ಈಜಿಪ್ಟಿನ ಮಾಮ್ಲೂಕರು ಸೋಲಿಸಿದ್ರು. ಆ ಮಾಮ್ಲೂಕರ ಬೈಬರ್ಸ್ ಯಾರು ಗೊತ್ತೇನ್ರಿ, ಮಂಗೋಲರ ಹಾವಳಿಯಾಗ ಮನಿ ಕಳಕೊಂಡು ಗುಲಾಮ ಆಗಿ ಮಾರಾಟ ಆದ ಕಿಪ್ಚಾಕ್ ಹುಡುಗ! ಅಷ್ಟರಾಗ ವೋಲ್ಗಾದ ಬರ್ಕೆ ಖಾನ್ ಇಸ್ಲಾಮಿಗೆ ಬಂದಾಂವ, ಅವನೂ ಹುಲಗುನೂ ಕಾಕೇಶಸ್ ಹುಲ್ಲುಗಾವಲಿಗೆ ಜಗಳಾಡಿ 1262ರಾಗ ಯುದ್ಧಕ್ಕ ಬಿದ್ರು. ಅಣ್ಣತಮ್ಮಂದ್ರ ಮಕ್ಕಳು.

ಓದುಗ_ಹಾಸನ:
ತುಂಬಾ ಚೆನ್ನಾಗಿ ಬರ್ತಿದೆ ಗುರುಗಳೇ, ಎಲ್ಲಾನೂ ಓದ್ತಾ ಇದೀನಿ. ನಂದೊಂದು ಪ್ರಶ್ನೆ, ಇವರು ಭಾರತಕ್ಕೆ ಯಾಕೆ ಸರಿಯಾಗಿ ನುಗ್ಗಲಿಲ್ಲ? ಮತ್ತೆ ನಾನು ಹಳೇಬೀಡಿನ ಹತ್ರದವನು, ಮಲಿಕ್ ಕಾಫೂರ್ ದಾಳಿಗೂ ಮಂಗೋಲರಿಗೂ ಸಂಬಂಧ ಇದೆ ಅಂತ ಯಾರೋ ಹೇಳಿದ್ರು, ಅದು ಹೇಗೆ?

ಹುಲ್ಲುಗಾವಲು:
ನುಗ್ಗಿದ್ರು, ಆದ್ರೆ ನಿಲ್ಲಲಿಲ್ಲ. 1221ರಲ್ಲಿ ಷಾನ ಮಗ ಜಲಾಲುದ್ದೀನ್‌ನ ಅಟ್ಟಿಸ್ಕೊಂಡು ಚೆಂಗೀಸ್ ಸಿಂಧೂ ದಡದ ತನಕ ಬಂದ, ಅವನು ಎತ್ತರದ ದಡದಿಂದ ಕುದುರೆ ಸಮೇತ ನದಿಗೆ ಹಾರಿ ದಾಟಿಬಿಟ್ಟ, ಚೆಂಗೀಸ್ ಅಲ್ಲೇ ನಿಂತು ಇಂಥಾ ಮಗ ಇರಬೇಕು ಅಂದ ಅಂತ ಜುವೈನಿ ಬರೀತಾನೆ. ದೆಹಲಿಯ ಇಲ್ತುಮಿಶ್ ಜಲಾಲುದ್ದೀನ್‌ಗೆ ಆಶ್ರಯ ಕೊಡ್ಲಿಲ್ಲ, ಜಾಣತನ. 1241ರಲ್ಲಿ ಲಾಹೋರ್ ಲೂಟಿ ಆಯ್ತು. ಬಲ್ಬನ್‌ನ ಮಗ ಮುಹಮ್ಮದ್ 1285ರಲ್ಲಿ ಇವರ ಜೊತೆ ಹೋರಾಡ್ತಾನೇ ಸತ್ತ, ಕವಿ ಅಮೀರ್ ಖುಸ್ರು ಅಲ್ಲೇ ಸೆರೆ ಸಿಕ್ಕಿದ್ದ.

ಹಳೇಬೀಡಿಗೆ ಬರೋಣ. ಅಲಾಉದ್ದೀನ್ ಖಿಲ್ಜಿ ಕಾಲಕ್ಕೆ ಮಧ್ಯ ಏಷ್ಯಾದ ಮಂಗೋಲರು, ಚೆಂಗೀಸನ ಮಗ ಚಗತಾಯ್ ಕಡೆಯವರು, ದೆಹಲಿ ಬಾಗಿಲಿಗೇ ಬಂದ್ರು, 1299ರಲ್ಲಿ ಕಿಲಿ ಯುದ್ಧ, 1303ರಲ್ಲಿ ತರ್ಗಿ ಅನ್ನೋ ಸರದಾರನ ದಾಳಿ. ಆ ಎರಡನೇ ಸಲ ಸುಲ್ತಾನ ಚಿತ್ತೋರಿಂದ ಆಗಷ್ಟೇ ಸುಸ್ತಾಗಿ ಬಂದಿದ್ದ, ಇ‍ನ್ನೊಂದು ಸೈನ್ಯ ವಾರಂಗಲ್ ಕಡೆ ಹೋಗಿತ್ತು, ಸುಮಾರು ಎರಡು ತಿಂಗಳು ಸೀರಿ ಬಯಲಲ್ಲಿ ಕಂದಕ ತೋಡ್ಕೊಂಡು ಕೂತಿದ್ದ. ಅವರು ತಾವಾಗಿ ಹೋದ ಮೇಲೆ ಸೀರಿ ಕೋಟೆ ಕಟ್ಟಿಸಿದ, ದೊಡ್ಡ ಸೈನ್ಯ ಇಡೋಕೆ ನಿರ್ಧಾರ ಮಾಡಿದ. ಸವಾರನಿಗೆ ವರ್ಷಕ್ಕೆ 234 ಟಂಕ ಸಂಬಳ, ಅಷ್ಟರಲ್ಲಿ ಅವನು ಬದುಕಬೇಕು ಅಂದ್ರೆ ದಿನಸಿ ಅಗ್ಗ ಇರಬೇಕು, ಅದಕ್ಕೇ ಆ ಫೇಮಸ್ ಮಾರುಕಟ್ಟೆ ದರ ಕಟ್ಟಳೆ ಬಂದಿದ್ದು ಅಂತ ದೆಹಲಿಯ ಇತಿಹಾಸಕಾರ ಬರನಿ ಹೇಳ್ತಾನೆ. ಅಂಥಾ ಸೈನ್ಯಕ್ಕೆ ದುಡ್ಡು ಬೇಕಲ್ಲ. 1296ರಲ್ಲೇ ದೇವಗಿರಿಯ ಚಿನ್ನ ನೋಡಿದ್ದ. 1306ರ ಹೊತ್ತಿಗೆ ಮಂಗೋಲರ ಕಾಟ ತಗ್ಗಿದ ಮೇಲೆ ಆ ಪಳಗಿದ ಸೈನ್ಯ ದಕ್ಷಿಣಕ್ಕೆ ತಿರುಗ್ತು, 1311ರ ಫೆಬ್ರವರಿಲಿ ದ್ವಾರಸಮುದ್ರದ ಮುಂದೆ ನಿಂತಿತ್ತು. ಮೂರನೇ ವೀರ ಬಲ್ಲಾಳ ಆಗ ಪಾಂಡ್ಯರ ಜಗಳದಲ್ಲಿ ತಮಿಳು ಕಡೆ ಹೋಗಿದ್ದ, ಓಡಿ ಬಂದ, ಕೊನೆಗೆ ಸಂಪತ್ತು ಆನೆ ಕುದುರೆ ಕೊಟ್ಟು ಒಪ್ಪಂದ ಮಾಡ್ಕೊಂಡ.

ಬಹಮನಿ_ಓಣಿ:
ಕಲಬುರಗಿಯಿಂದ ಒಂದು ಮಾತು ಸೇರಸ್ತೀನ್ರಿ. ಕಾಫೂರನ ಸೈನ್ಯದಾಗೇ ಅಬಾಚಿ ಅಂತ ಒಬ್ಬ ಮಂಗೋಲ ಸರದಾರ ಇದ್ದ. ದೆಹಲಿ ಸುತ್ತ ಸೋತು ಉಳದ ಮಂಗೋಲರು ಮುಸ್ಲಿಮರಾಗಿ ಅಲ್ಲೇ ನೌಕರಿಗೆ ಸೇರಿದ್ರು, ಅಂಥಾವ. ಪಾಂಡ್ಯರ ನಾಡಿನಾಗ ಅವ ಪಕ್ಷ ಬದಲಿ ಮಾಡಾಕ ನೋಡಿದ, ಸಿಕ್ಕಿಬಿದ್ದ, ದೆಹಲಿಗೆ ಒಯ್ದ ಮ್ಯಾಲೆ ಸುಲ್ತಾನ ಕೊಲ್ಲಿಸಿದ. ಅದ ವರ್ಷ ದೆಹಲಿಯಾಗಿನ ಮಂಗೋಲರ ಸಾಮೂಹಿಕ ಕೊಲೆನೂ ಆತು. ಈ ಕಥಿ ಬರದಿಟ್ಟಾಂವ ಇಸಾಮಿ, ಬಹಮನಿ ರಾಜ್ಯ ಕಟ್ಟಿದ ಅಲಾಉದ್ದೀನ್ ಬಹಮನ್ ಷಾನ ಆಶ್ರಯದಾಗ 1350ರಾಗ ಬರದಾನ. ಆಗ ರಾಜಧಾನಿ ನಮ್ಮ ಊರೇ. ಒನೊನ್ ದಂಡಿ ಮ್ಯಾಲಿಂದ ಹೊರಟ ಸಂಗತಿ ನಮ್ಮ ಓಣಿ ತನಕ ಹೆಂಗ ಬಂದದ ನೋಡ್ರಿ.

ಮತ್ತ ಮುಹಮ್ಮದ್ ಬಿನ್ ತುಘಲಕ್ ತಾಮ್ರದ ನಾಣ್ಯ ಮಾಡಿದ್ದು ಮಂಗೋಲರ ಕಾಗದದ ದುಡ್ಡು ನೋಡೇ ಅಂತಾರ, ಅದರ ಬಗ್ಗೆ ಹುಲ್ಲುಗಾವಲು ಸರ ಹೇಳ್ರಿ.

ಹುಲ್ಲುಗಾವಲು:
ಅಬಾಚಿ ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ, ಬಹಳ ಒಳ್ಳೇ ಮಾಹಿತಿ ಸರ್.

ಹೌದು, ಚೀನಾ ಇರಾನ್ ಎರಡರ ಸುದ್ದಿನೂ ದೆಹಲಿಗೆ ತಲುಪಿತ್ತು ಅಂತ ಇತಿಹಾಸಕಾರರು ಹೇಳ್ತಾರೆ. ಚೀನಾದಲ್ಲಿ ಕಾಗದದ ಹಣ ಸೋಂಗ್ ಕಾಲದಿಂದ್ಲೇ ಇತ್ತು, ಕುಬ್ಲೈ 1260ರಲ್ಲಿ ಅದನ್ನ ತನ್ನ ಹಿಡಿತದ ನೆಲಕ್ಕೆಲ್ಲಾ ಒಂದೇ ಮಾಡಿದ. ಹಿಪ್ಪುನೇರಳೆ ತೊಗಟೆಯಿಂದ ಮಾಡಿದ ಕಾಗದ, ಕೆಂಪು ಮುದ್ರೆ. ಶುರುವಲ್ಲಿ ಅಚ್ಚಾದಷ್ಟಕ್ಕೂ ಖಜಾನೇಲಿ ಬೆಳ್ಳಿ ಇಡ್ತಿದ್ರು, ತೆರಿಗೆನೂ ಅದರಲ್ಲೇ ತಗೋತಿದ್ರು, ಹಾಗಾಗಿ ಜನ ನಂಬಿದ್ರು. ಯುದ್ಧದ ಖರ್ಚಿಗೆ ಅಚ್ಚು ಹಾಕ್ತಾ ಹೋದ ಮೇಲೆ ಬೆಲೆ ಬಿತ್ತು, 1287ರಲ್ಲಿ ಹೊಸ ನೋಟು ತಂದು ಹಳೇ ಐದಕ್ಕೆ ಹೊಸದು ಒಂದು ಅಂದ್ರು. ಇರಾನಲ್ಲಿ ಆಳ್ತಿದ್ದ ಮಂಗೋಲ ದೊರೆ ಗೈಖಾತು 1294ರಲ್ಲಿ ತಬ್ರೀಜ್‌ನಲ್ಲಿ ಅದೇ ಮಾಡೋಕೆ ಹೋದ, ಖಜಾನೆ ಮೊದಲೇ ಖಾಲಿ ಇತ್ತು, ನೋಟಿನ ಹಿಂದೆ ಏನೂ ಇಲ್ಲ ಅಂತ ವ್ಯಾಪಾರಿಗಳಿಗೆ ಗೊತ್ತಿತ್ತು, ಅಂಗಡಿ ಬಾಗಿಲು ಮುಚ್ಚಿದ್ರು, ಊರಲ್ಲಿ ಆಹಾರ ಸಿಗದೆ ಗಲಾಟೆ ಆಗಿ ಸ್ವಲ್ಪ ದಿನಕ್ಕೇ ವಾಪಸ್ ತಗೊಂಡ್ರು.

ಪುಟ್ಟ_ಪ್ರಶ್ನೆ:
ಸರ್ ಕಳ್ಳ ನೋಟು ಮಾಡ್ತಿರ್ಲಿಲ್ವಾ ಆಗ? ನೋಟಿನ ಮೇಲೆ ಏನು ಬರೆದಿರ್ತಿತ್ತು?

ಹುಲ್ಲುಗಾವಲು:
ಮಾಡ್ತಿದ್ರು, ಅದಕ್ಕೇ ಎಚ್ಚರಿಕೆ ನೋಟಿನ ಮೇಲೇ ಅಚ್ಚು ಹಾಕಿದ್ರು. 1287ರ ನೋಟಲ್ಲಿ ಖೋಟಾ ಮಾಡಿದವನಿಗೆ ಮರಣದಂಡನೆ, ಹಿಡಿದುಕೊಟ್ಟವನಿಗೆ ಐದು ಗಟ್ಟಿ ಬೆಳ್ಳಿ ಇನಾಮು ಜೊತೆಗೆ ಆ ಅಪರಾಧಿಯ ಆಸ್ತಿನೂ ಅವನಿಗೇ ಅಂತ ಇದೆ. ತುಘಲಕ್ 1329-30ರ ಹೊತ್ತಿಗೆ ಹೊರಡಿಸಿದ ಹಿತ್ತಾಳೆ ತಾಮ್ರದ ನಾಣ್ಯದ ಮೇಲೆ ಸುಲ್ತಾನನಿಗೆ ವಿಧೇಯನಾದವನು ದೇವರಿಗೆ ವಿಧೇಯನಾದ ಹಾಗೆ ಅಂತ ಕೆತ್ತಿಸಿದ್ದ. ಯಾವ ಕಂಚುಗಾರನೂ ಮನೇಲಿ ಕೂತು ಅದನ್ನ ಎರಕ ಹೊಯ್ಯಬಹುದಿತ್ತು, ಹೊಯ್ದ್ರು, ಮನೆಮನೆನೂ ಟಂಕಸಾಲೆ ಆಯ್ತು ಅಂತ ಬರನಿ ಬರೀತಾನೆ. ಕೊನೆಗೆ ಸುಲ್ತಾನ ಎಲ್ಲಾ ತಾಮ್ರಾನೂ ತಗೊಂಡು ಬದಲಿಗೆ ಚಿನ್ನ ಬೆಳ್ಳಿ ಕೊಟ್ಟ, ಖಜಾನೆ ಬರಿದಾಯ್ತು. ಕುಬ್ಲೈ ಹತ್ರ ಕಾಗದ ಮಾಡೋ ಸರ್ಕಾರಿ ಕಾರ್ಖಾನೆ, ಅಚ್ಚಿನ ಫಲಕ, ಪ್ರತಿ ಪ್ರಾಂತ್ಯದಲ್ಲಿ ನೋಟು ಬದಲಿಸೋ ಕಚೇರಿ, ಅದನ್ನ ನಡೆಸೋ ಚೀನೀ ಗುಮಾಸ್ತರು ಇದ್ರು, ತುಘಲಕ್ ಹತ್ರ ಅದ್ಯಾವ್ದೂ ಇರ್ಲಿಲ್ಲ.